ರಾಯಚೂರಿನ ಕಾಳಗವನ್ನು ಬರೆದವರು ಎಲ್ಲಿ ನಿಂತಿದ್ದರು?

ಈ ಸಲದ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗೆ ಶ್ರೀಕೃಷ್ಣದೇವರಾಯನನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಘದ ಪದಾಧಿಕಾರಿಗಳು ಮನೆಗೆ ಬಂದು ಕೇಳಿದಾಗ ನಾವು ಒಡನೆಯೇ ಒಪ್ಪಿಕೊಂಡೆವು. ಆದವಾನಿ ಸೀಮೆಯಲ್ಲಿ ಹುಟ್ಟಿ, ಇಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿಯೇ ಮೂರು ದಶಕಗಳಿಗೂ ಮೀರಿ ಸಮಾಜ ವಿಜ್ಞಾನವನ್ನು ಬೋಧಿಸಿದ ನಮಗೆ ಇದು ಕಠಿಣವಾದ ವಿಷಯವೇನೂ ಅಲ್ಲವೆಂದು ಭಾವಿಸಿದ್ದೆವು. ರಾಯನ ದಿಗ್ವಿಜಯ, ಅಷ್ಟದಿಗ್ಗಜರು, ಹಂಪಿಯ ವೈಭವ, ಬೀದಿಯಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದ ಮಾತು ಇವೆಲ್ಲವೂ ನಾಲಗೆಯ ತುದಿಯಲ್ಲಿದ್ದವು. ಬರೆಯಲು ಕುಳಿತಾಗ ಮಾತ್ರ ಸುಮಾರು ಮೂವತ್ತು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಕೇಳಿದ ಪ್ರಶ್ನೆಯೊಂದು ನೆನಪಾಗಿ ಲೇಖನಿ ನಿಂತಿತು.

ಅಂದು ನಾವು 1520ರ ರಾಯಚೂರಿನ ಯುದ್ಧದ ಪಾಠವನ್ನು ಮಾಡುತ್ತಿದ್ದೆವು. ಪಠ್ಯಪುಸ್ತಕದಲ್ಲಿ ಆ ಯುದ್ಧಕ್ಕೆ ದೊರೆತಿದ್ದುದು ಎರಡೇ ಸಾಲು. ಅಷ್ಟರಿಂದ ತೃಪ್ತರಾಗದೆ ನಾವು ರಾಬರ್ಟ್ ಸೆವೆಲ್‌ರ ಗ್ರಂಥದಿಂದ ಗುರುತು ಹಾಕಿಕೊಂಡಿದ್ದ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದೆವು: ಕಾಲಾಳು 7,03,000, ಕುದುರೆ 32,600, ಆನೆ 551. ಮಕ್ಕಳ ಕಣ್ಣು ಅರಳಿದವು. ನಮಗೂ ಒಂದು ಬಗೆಯ ಹೆಮ್ಮೆಯಾಯಿತು. ಆಗ ಹಿಂದಿನ ಬೆಂಚಿನಿಂದ ಎದ್ದ ಆ ಹುಡುಗ, "ಸಾರ್, ಏಳು ಲಕ್ಷ ಸರಿ, ಮೇಲಿನ ಆ ಮೂರು ಸಾವಿರವನ್ನು ಎಣಿಸಿದವರು ಯಾರು?" ಎಂದು ಕೇಳಿದ. ತರಗತಿ ನಕ್ಕಿತು. ನಾವು ಅದನ್ನು ಉದ್ಧಟತನವೆಂದು ಭಾವಿಸಿ ಅವನನ್ನು ಗದರಿಸಿ ಕೂಡಿಸಿದೆವು. ಅಧ್ಯಾಪಕ ವೃತ್ತಿಯಲ್ಲಿ ನಾವು ಮಾಡಿದ ತಪ್ಪುಗಳ ಪಟ್ಟಿಯಲ್ಲಿ ಅದಕ್ಕೆ ಮೇಲಿನ ಸ್ಥಾನವೇ ಸಲ್ಲಬೇಕು. ಏಕೆಂದರೆ ಇತಿಹಾಸದ ದಾಖಲೆಯೊಂದನ್ನು ಓದುವ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು: ಇದನ್ನು ಹೇಳುತ್ತಿರುವವನು ಯಾರು? ಅವನಿಗೆ ಅದು ಹೇಗೆ ತಿಳಿಯಿತು? ಅದನ್ನು ಹೇಳುವುದರಲ್ಲಿ ಅವನಿಗೆ ಏನು ಲಾಭ?

ಆದುದರಿಂದ ಈ ಲೇಖನದಲ್ಲಿ ರಾಯನ ವೈಭವವನ್ನು ಬದಿಗಿಟ್ಟು, ಆ ಒಂದು ಯುದ್ಧವನ್ನು ಬರೆದಿಟ್ಟವರನ್ನು ಸ್ವಲ್ಪ ಹತ್ತಿರದಿಂದ ನೋಡಲು ಯತ್ನಿಸಿದ್ದೇವೆ. ಓದುಗರು ಮನ್ನಿಸಬೇಕು.

ರಾಯಚೂರಿನ ಕಾಳಗವನ್ನು ವಿಸ್ತಾರವಾಗಿ ಹೇಳುವ ಹಳೆಯ ಮೂಲಗಳಲ್ಲಿ ಮುಖ್ಯವಾದವು ಎರಡು. ಒಂದು, ಪೋರ್ಚುಗೀಸನಾದ ಫೆರ್ನಾವ್ ನೂನಿಜ್‌ನ ವೃತ್ತಾಂತ. ಇನ್ನೊಂದು, ಬಿಜಾಪುರದ ಆಸ್ಥಾನದಲ್ಲಿದ್ದ ಮಹಮ್ಮದ್ ಕಾಸಿಂ ಫೆರಿಸ್ತಾನ ಪಾರ್ಸಿ ಇತಿಹಾಸ. ಇಬ್ಬರೂ ಈ ನೆಲದವರಲ್ಲ. ಒಬ್ಬನು ಅರಬ್ಬೀ ಸಮುದ್ರವನ್ನು ದಾಟಿ ಬಂದವನು. ಇನ್ನೊಬ್ಬನು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ ಹುಟ್ಟಿ ಎಳವೆಯಲ್ಲಿಯೇ ಅಹಮದ್‌ನಗರಕ್ಕೆ ಬಂದು, 1589ರಲ್ಲಿ ಬಿಜಾಪುರವನ್ನು ಸೇರಿದವನು. ಇಬ್ಬರೂ ಯುದ್ಧವನ್ನು ಕಣ್ಣಾರೆ ಕಂಡವರೂ ಅಲ್ಲ. ನೂನಿಜ್ ವಿಜಯನಗರದಲ್ಲಿ ನೆಲೆಸಿ ಬರೆದುದು ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರ ಹೊತ್ತಿಗೆ. ಎಂದರೆ ಯುದ್ಧವಾಗಿ ಹದಿನೈದು ವರ್ಷಗಳ ನಂತರ. ಫೆರಿಸ್ತಾ ಬರೆಯುವ ವೇಳೆಗೆ ಎಂಬತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು, ವಿಜಯನಗರವೇ ಹಾಳುಬಿದ್ದಿತ್ತು. ಇದು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲಿಯೂ ಬರುವುದಿಲ್ಲ. ಅಲ್ಲಿ "ವಿದೇಶೀ ಪ್ರವಾಸಿಗರು ಕಂಡಂತೆ" ಎಂಬ ಒಂದೇ ಶೀರ್ಷಿಕೆಯ ಕೆಳಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಲಾಗುತ್ತದೆ.

ಮೊದಲು ನೂನಿಜ್‌ನನ್ನು ನೋಡೋಣ. ವಿದ್ವಾಂಸರು ಅವನನ್ನು ಕುದುರೆ ವ್ಯಾಪಾರಿಯೆಂದೇ ಗುರುತಿಸುತ್ತಾರೆ. ಅಂದಿನ ಗೋವೆಯಲ್ಲಿ ಕುದುರೆಯೆಂದರೆ ಇಂದಿನ ಪೆಟ್ರೋಲಿದ್ದಂತೆ. ಯುದ್ಧ ಮಾಡುವ ಯಾವ ರಾಜನಿಗೂ ಅದು ಇಲ್ಲದೆ ನಡೆಯದು. ರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂಬ ಅಂಕಿಯನ್ನು ನಮಗೆ ಕೊಟ್ಟವನೂ ಇವನೇ. ಇಂಥವನು ರಾಯಚೂರಿನ ಯುದ್ಧಕ್ಕೆ ಏನು ಕಾರಣವನ್ನು ಹೇಳುತ್ತಾನೆ? ಸೀದಿ ಮರ್ಕಾರ್ ಎಂಬ ವ್ಯಾಪಾರಿಗೆ ರಾಯನು 40,000 ಪರ್ದಾವು ಹಣವನ್ನು ಕೊಟ್ಟು ಗೋವೆಯಿಂದ ಕುದುರೆಗಳನ್ನು ತರಲು ಕಳುಹಿಸಿದನು. ಅವನು ಹಣದೊಡನೆ ಆದಿಲ್‌ಶಾಹಿಗೆ ಓಡಿಹೋದನು. ಅವನನ್ನು ಒಪ್ಪಿಸೆಂದು ರಾಯನು ಕೇಳಿದರೂ ಸುಲ್ತಾನನು ಒಪ್ಪಿಸಲಿಲ್ಲ. ಅದೇ ಯುದ್ಧಕ್ಕೆ ಮೂಲವಾಯಿತು.

ಈ ಸಂಗತಿ ಸುಳ್ಳೆಂದು ನಾವು ಹೇಳುವುದಿಲ್ಲ. ಅಂಥದೊಂದು ನೆಪ ಇದ್ದಿರಬಹುದು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ದೋ‌ಆಬಿಗಾಗಿ ಬಹಮನಿಯ ಕಾಲದಿಂದಲೂ, ಎಂದರೆ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ, ರಕ್ತ ಹರಿಯುತ್ತಲೇ ಇತ್ತು. ಎರೆಮಣ್ಣಿನ ಆ ಹೊಲಗಳು, ಮುದಗಲ್ಲು ರಾಯಚೂರುಗಳ ಆ ಎರಡು ಕೋಟೆಗಳು, ಇವುಗಳ ಮುಂದೆ ನಲವತ್ತು ಸಾವಿರ ಹಣ ಯಾವ ಲೆಕ್ಕ? ಕುದುರೆಯ ವ್ಯಾಪಾರಿಯ ಕಣ್ಣಿಗೆ ಮಾತ್ರ ಕುದುರೆಯ ಹಣ ಮೊದಲು ಕಂಡಿತು. ನಮ್ಮ ಊರಿನ ಹತ್ತಿಯ ದಲಾಲಿಯೊಬ್ಬರನ್ನು ಲೋಕದ ಯಾವುದೇ ಕಲಹಕ್ಕೆ ಕಾರಣವೇನೆಂದು ಕೇಳಿದರೂ ಅವರ ಉತ್ತರದಲ್ಲಿ ಎಲ್ಲಿಯಾದರೂ ಹತ್ತಿಯ ಧಾರಣೆ ಬಂದೇ ಬರುತ್ತದೆ. ಅದು ಅವರ ದೋಷವಲ್ಲ. ಅವರು ಕುಳಿತಿರುವ ಜಾಗದಿಂದ ಲೋಕ ಕಾಣುವ ಬಗೆ.

ನೂನಿಜ್‌ನ ಎರಡನೆಯ ಒಲವು ಇನ್ನೂ ಸ್ಪಷ್ಟವಾಗಿದೆ. ಕಾಳಗ ಮುಗಿದು, ರಾಯನು ಮತ್ತೆ ರಾಯಚೂರಿನ ಮುತ್ತಿಗೆಗೆ ತೊಡಗುತ್ತಾನೆ. ಕೋಟೆ ಬೀಳುವುದಿಲ್ಲ. ಆಗ ಕುದುರೆಗಳನ್ನು ಮಾರಲು ಬಂದಿದ್ದ ಕ್ರಿಸ್ತೋವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನು ತನ್ನ ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಮುಂದೆ ಬಂದು, ಕೋಟೆಯ ತೆನೆಗಳ ನಡುವೆ ತಲೆಯೆತ್ತಿದವರನ್ನೆಲ್ಲ ಹೊಡೆದುರುಳಿಸುತ್ತಾನೆ. ರಾಯನ ಆಳುಗಳು ಗೋಡೆಯ ಕಲ್ಲುಗಳನ್ನು ಕೀಳಲು ಸಾಧ್ಯವಾಗುತ್ತದೆ. ಕೋಟೆಯ ನಾಯಕನು ಹಣೆಯ ನಡುವೆ ಗುಂಡು ತಗಲಿ ಸಾಯುತ್ತಾನೆ. ಊರು ಶರಣಾಗುತ್ತದೆ. ಓದಿದವರಿಗೆ ಏನೆನಿಸುತ್ತದೆ? ಏಳು ಲಕ್ಷ ಜನ ಮಾಡಲಾರದ ಕೆಲಸವನ್ನು ಇಪ್ಪತ್ತು ಮಂದಿ ಮಾಡಿದರೆಂದೇ ಅಲ್ಲವೆ? ತನ್ನ ದೇಶದವರು ಓದಲೆಂದು ಒಬ್ಬ ಪೋರ್ಚುಗೀಸನು ಬರೆದ ಕಥೆಯಲ್ಲಿ ಪೋರ್ಚುಗೀಸರು ಹೀಗೆ ಕಾಣಿಸಿಕೊಳ್ಳುವುದು ಸಹಜ. ಫೆರಿಸ್ತಾನಲ್ಲಿ ಈ ಫಿಗೆರೆಡೊನ ಸುಳಿವೇ ಇಲ್ಲ.

ಆದರೆ ಇದೇ ನೂನಿಜ್ ಇನ್ನೊಂದು ಕಡೆ ಬಾಯಿಬಿಟ್ಟಿದ್ದಾನೆ. ಆದಿಲ್‌ಶಾಹಿಯ ಸೇನಾನಿ ಸಲಾಬತ್ ಖಾನನ ಕಾವಲಿಗೆ ಐದುನೂರು ಮಂದಿ ಪೋರ್ಚುಗೀಸರಿದ್ದರೆಂದೂ, ಅವರು ತಮ್ಮವರನ್ನು ಬಿಟ್ಟು ಆ ಕಡೆ ಸೇರಿದವರೆಂದೂ ಅವನು ಬರೆಯುತ್ತಾನೆ. ಗೆದ್ದ ಕಡೆಯಲ್ಲಿ ಇಪ್ಪತ್ತು, ಸೋತ ಕಡೆಯಲ್ಲಿ ಐದುನೂರು! ಇದನ್ನು ಹೇಳುವುದರಿಂದ ಅವನಿಗೆ ಯಾವ ಕೀರ್ತಿಯೂ ಇರಲಿಲ್ಲ, ಅವಮಾನವೇ ಇತ್ತು. ಸಂಖ್ಯೆ ಹೆಚ್ಚುಕಡಿಮೆ ಇದ್ದೀತು, ಸಂಗತಿಯನ್ನು ಮಾತ್ರ ನಾವು ನಂಬುತ್ತೇವೆ. ಸಾಕ್ಷಿಯು ತನಗೆ ಹಾನಿಯಾಗುವಂಥ ಮಾತನ್ನು ತಾನಾಗಿ ಹೇಳಿದಾಗ ಅದರ ಬೆಲೆ ಹೆಚ್ಚೆಂಬುದನ್ನು ಕಚೇರಿಗೆ ಅಲೆದ ನಮ್ಮ ರೈತರೂ ಬಲ್ಲರು.

ಇನ್ನು ಆ ಏಳು ಲಕ್ಷದ ಮೂರು ಸಾವಿರ. ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಕುಳಿತು ನಾವೇ ಒಂದು ಮನೆಲೆಕ್ಕ ಮಾಡಿದೆವು. ಸಾಲಿಗೆ ನಾಲ್ವರಂತೆ, ಸಾಲಿಗೂ ಸಾಲಿಗೂ ನಡುವೆ ಒಂದು ಗಜ ಬಿಟ್ಟು, ಆ ಕಾಲಾಳುಗಳನ್ನೆಲ್ಲ ಒಂದೇ ದಾರಿಯಲ್ಲಿ ನಿಲ್ಲಿಸಿದರೆ ದಂಡಿನ ಉದ್ದ ಸುಮಾರು 160 ಕಿಲೋಮೀಟರು. ಎಂದರೆ ಮುಂದಿನವನು ರಾಯಚೂರನ್ನು ಮುಟ್ಟುವಾಗ ಕೊನೆಯವನು ಹಂಪಿಯ ಹೆಬ್ಬಾಗಿಲನ್ನು ಹೆಚ್ಚುಕಡಿಮೆ ದಾಟಿರುವುದಿಲ್ಲ. ಇದರಲ್ಲಿ ಕುದುರೆ, ಆನೆ, ಬಂಡಿ, ಎತ್ತುಗಳನ್ನು ಸೇರಿಸಿಲ್ಲ. ದಂಡು ಹಲವು ಭಾಗಗಳಾಗಿ, ಹಲವು ದಿನಗಳಲ್ಲಿ ಹೊರಟಿರಬಹುದು, ಒಪ್ಪಿದೆವು. ಆದರೂ ಅಷ್ಟು ಬಾಯಿಗಳಿಗೆ ಬೇಸಗೆಯಲ್ಲಿ ಮೇವು, ನೀರು, ಜೋಳ ಎಲ್ಲಿಂದ?

ಹಾಗಾದರೆ ನೂನಿಜ್ ಸುಳ್ಳುಗಾರನೆ? ಅವನ ಪುಟವನ್ನು ಮತ್ತೆ ನೋಡಿದಾಗ ನಮಗೆ ಬೇರೊಂದು ಉತ್ತರ ಹೊಳೆಯಿತು. ಅವನು ಒಟ್ಟು ಸೈನ್ಯವನ್ನು ಎಣಿಸಿಲ್ಲ. ಒಬ್ಬೊಬ್ಬ ನಾಯಕನ ಹೆಸರನ್ನು ಹೇಳಿ, ಅವನ ಎದುರು ಮೂವತ್ತು ಸಾವಿರ, ಐವತ್ತು ಸಾವಿರ, ಅರವತ್ತು ಸಾವಿರ, ಲಕ್ಷ ಎಂಬ ಗುಂಡು ಸಂಖ್ಯೆಗಳನ್ನು ಬರೆಯುತ್ತ ಹೋಗಿದ್ದಾನೆ. ವಿಜಯನಗರದಲ್ಲಿ ಅಮರನಾಯಕರು ತಮಗೆ ಬಿಟ್ಟ ಸೀಮೆಗೆ ಪ್ರತಿಯಾಗಿ ಇಂತಿಷ್ಟು ದಂಡನ್ನು ಒದಗಿಸಬೇಕೆಂಬ ಕಟ್ಟಳೆಯಿತ್ತು. ನೂನಿಜ್‌ಗೆ ದೊರೆತುದು ಬಹುಶಃ ಆ ಕಟ್ಟಳೆಯ ಪಟ್ಟಿಯ ಮಾತು. ರಣರಂಗದಲ್ಲಿ ನಿಂತವರ ಎಣಿಕೆಯಲ್ಲ. ಇದು ನಮ್ಮ ಊಹೆ ಮಾತ್ರ, ಹೆಚ್ಚು ಬಲ್ಲವರು ತಿದ್ದಬಹುದು. ಆದರೆ ಸರ್ಕಾರಿ ಶಾಲೆಯ ಹಾಜರಿ ಪುಸ್ತಕವನ್ನು ಬಹುಕಾಲ ನೋಡಿಕೊಂಡವರಿಗೆ, ದಾಖಲೆಯಲ್ಲಿರುವ ತಲೆಗಳಿಗೂ ಬೆಂಚಿನ ಮೇಲಿರುವ ತಲೆಗಳಿಗೂ ನಡುವಣ ಅಂತರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವಿಚಿತ್ರವೆಂದರೆ, ಇದೇ ಉತ್ಪ್ರೇಕ್ಷೆಯ ಬದಿಯಲ್ಲಿಯೇ ಅಪ್ಪಟ ಸತ್ಯವೂ ಇದೆ. ದಾರಿಯುದ್ದಕ್ಕೂ ನೀರಡಿಕೆಯಿಂದ ಜನ ಸಾಯಬಾರದೆಂದು ತೊಗಲಿನ ಚೀಲಗಳಲ್ಲಿ ನೀರು ಹೊತ್ತ 12,000 ಮಂದಿಯನ್ನು ಅಲ್ಲಲ್ಲಿ ನಿಲ್ಲಿಸಲಾಗಿತ್ತೆಂದು ನೂನಿಜ್ ಹೇಳುತ್ತಾನೆ. ಮೊಣಕಾಲುದ್ದವೂ ಇಲ್ಲದ ಒಂದು ಹೊಳೆಯನ್ನು ದಂಡಿನ ಅರ್ಧ ಭಾಗ ದಾಟುವಷ್ಟರಲ್ಲಿ ಅದು ಬತ್ತಿ, ಹಿಂದಿನವರು ಮರಳಿನಲ್ಲಿ ಗುಂಡಿ ತೋಡಿ ನೀರು ಹುಡುಕಿದರೆಂದೂ ಬರೆದಿದ್ದಾನೆ. ಲಿಸ್ಬನ್ನಿನ ಓದುಗನಿಗೆ ಇದು ಒಂದು ಸೋಜಿಗ. ಈ ಸೀಮೆಯ ಮೇ ತಿಂಗಳನ್ನು ಕಂಡ ನಮಗೆ ಇದು ಮನೆಯ ಮಾತು. ನಮ್ಮ ತಾಯಂದಿರು ಹಳ್ಳದ ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಿಂದ ಗೋಚಿ ಕೊಡ ತುಂಬಿಸುತ್ತಿದ್ದುದನ್ನು ನಾವೇ ನೋಡಿದ್ದೇವೆ. ಈ ಒಂದು ವಾಕ್ಯವನ್ನು ಅಲ್ಲಿ ಇದ್ದವನೊಬ್ಬನ ಬಾಯಿಂದ ಕೇಳದೆ ನೂನಿಜ್ ಬರೆದಿರಲಾರ. ಫಿಗೆರೆಡೊನ ಜೊತೆಯಲ್ಲಿದ್ದ ಯಾರೋ ಒಬ್ಬರು ಅವನಿಗೆ ಇದನ್ನು ಹೇಳಿರಬೇಕು. ಬರೆಯುವವನ ಅಭಿಮಾನಕ್ಕೆ ಸಂಬಂಧವಿಲ್ಲದ ಇಂಥ ಸಣ್ಣ ಸಂಗತಿಗಳಲ್ಲಿಯೇ ಹಳೆಯ ದಾಖಲೆಗಳು ಹೆಚ್ಚು ಪ್ರಾಮಾಣಿಕವಾಗಿರುತ್ತವೆಂದು ನಮಗೆ ತೋರುತ್ತದೆ.

ಈಗ ಫೆರಿಸ್ತಾನ ಕಡೆಗೆ ತಿರುಗೋಣ. ಅವನು ಬರೆದುದು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. ಸೋತ ಇಸ್ಮಾಯಿಲ್ ಆದಿಲ್‌ಶಾಹನು ತನ್ನ ಒಡೆಯನ ಮನೆತನದವನು. ಸೋಲನ್ನು ಮುಚ್ಚಿಡುವಂತಿಲ್ಲ, ಹಾಗೆಯೇ ಹೇಳುವಂತೆಯೂ ಇಲ್ಲ. ಅವನ ಕಥೆಯಲ್ಲಿ ಮುದಗಲ್ಲು ರಾಯಚೂರುಗಳು ಆಗಲೇ ರಾಯನ ವಶದಲ್ಲಿವೆ. ಅವುಗಳನ್ನು ಮರಳಿ ಪಡೆಯಲೆಂದು ಸುಲ್ತಾನನು ಹೊರಡುತ್ತಾನೆ. ನೂನಿಜ್‌ನಲ್ಲಿಯೋ, ಸುಲ್ತಾನನ ಕೋಟೆಯನ್ನು ರಾಯನು ಮುತ್ತುತ್ತಾನೆ. ಅದನ್ನು ಬಿಡಿಸಲು ಸುಲ್ತಾನನು ಬರುತ್ತಾನೆ. ಒಂದೇ ಯುದ್ಧ, ಯಾರು ಯಾರ ಮೇಲೆ ಹೋದರೆಂಬ ಮೊದಲ ಪ್ರಶ್ನೆಯಲ್ಲಿಯೇ ಎರಡು ಉತ್ತರ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಇದಕ್ಕೆ ಒಂದು ಅಂಕವಿರುತ್ತಿತ್ತು, ಒಂದೇ ಉತ್ತರವಿರುತ್ತಿತ್ತು.

ಫೆರಿಸ್ತಾನ ಪ್ರಕಾರ ಇಸ್ಮಾಯಿಲನ ಬಳಿ ಇದ್ದುದು ಏಳು ಸಾವಿರ ಕುದುರೆ ಸವಾರರು, ಎಲ್ಲರೂ ಪರದೇಶಿಗಳು. ಎದುರಿಗೆ ಐವತ್ತು ಸಾವಿರ ಕುದುರೆ, ಲೆಕ್ಕವಿಲ್ಲದಷ್ಟು ಕಾಲಾಳು. ಇದೇ ಇಸ್ಮಾಯಿಲನಿಗೆ ನೂನಿಜ್ 18,000 ಕುದುರೆ, 1,20,000 ಕಾಲಾಳು, 150 ಆನೆಗಳನ್ನು ಕೊಡುತ್ತಾನೆ. ಗೆದ್ದವನ ಕಡೆಯವನು ಸೋತವನನ್ನು ದೊಡ್ಡದು ಮಾಡುತ್ತಾನೆ. ಸೋತವನ ಕಡೆಯವನು ತನ್ನನ್ನು ಚಿಕ್ಕದು ಮಾಡಿಕೊಳ್ಳುತ್ತಾನೆ. ಕಬಡ್ಡಿ ಪಂದ್ಯದಿಂದ ಮರಳಿದ ಹುಡುಗರ ಮಾತನ್ನು ಕೇಳಿದವರಿಗೆ ಈ ಗಣಿತ ಹೊಸದಲ್ಲ. ಆದರೆ "ಎಲ್ಲರೂ ಪರದೇಶಿಗಳು" ಎಂಬ ಮಾತಿನಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಬಿಜಾಪುರದ ಆಸ್ಥಾನದಲ್ಲಿ ಇರಾನು ತುರಾನುಗಳಿಂದ ಬಂದವರಿಗೂ ದಖನಿಗಳಿಗೂ ತೀರದ ಪೈಪೋಟಿಯಿತ್ತು. ಫೆರಿಸ್ತಾ ಸ್ವತಃ ಹೊರಗಿನಿಂದ ಬಂದವನು. ಇಸ್ಮಾಯಿಲನ ಕಾಲದಲ್ಲಿ ಪರದೇಶಿಗಳಿಗೇ ಮನ್ನಣೆಯಿತ್ತು. ಆ ಏಳು ಸಾವಿರ ಮಂದಿ ಕಡಲಿನಂಥ ಸೈನ್ಯದೆದುರು ಹೋರಾಡಿ ಮಡಿದರೆಂದು ಬರೆಯುವಾಗ ಅವನು ತನ್ನ ಬಳಗದ ವೀರಗಲ್ಲನ್ನೇ ಕೆತ್ತುತ್ತಿದ್ದಾನೆ.

ಮತ್ತೆ ಸೋಲಿಗೆ ಕಾರಣವೇನು? ಮದಿರೆ. ಸುಲ್ತಾನನು ಗುಡಾರದಲ್ಲಿ ವಿಶ್ರಮಿಸುತ್ತಿದ್ದಾಗ ಆಸ್ಥಾನಿಕನೊಬ್ಬನು ಪಾನದ ಪ್ರಶಂಸೆಯ ಪದ್ಯವೊಂದನ್ನು ಹೇಳಿದನು, ಬಟ್ಟಲು ತುಂಬಿತು, ಅಮಲಿನಲ್ಲಿ ಸುಲ್ತಾನನು ಸಿದ್ಧತೆಯಿಲ್ಲದೆಯೇ ಕೃಷ್ಣೆಯನ್ನು ದಾಟಲು ಆಜ್ಞಾಪಿಸಿದನು. ಮೊದಲ ಸಲ ಓದಿದಾಗ ನಾವು ಇದನ್ನು ಫೆರಿಸ್ತಾನ ನಿಷ್ಪಕ್ಷಪಾತವೆಂದು ಮೆಚ್ಚಿದ್ದೆವು: ತನ್ನ ಒಡೆಯನ ಮನೆತನದ ದೊರೆಯನ್ನು ಕುಡುಕನೆನ್ನಲು ಎಷ್ಟು ಧೈರ್ಯ ಬೇಕು! ಎರಡನೆಯ ಸಲ ಓದಿದಾಗ ಬೇರೆ ತೋರಿತು. ಸೋಲಿಗೆ ಒಂದು ಬಟ್ಟಲು ಕಾರಣವಾದರೆ ಸೈನ್ಯದ ಮಾನ ಉಳಿಯುತ್ತದೆ, ರಾಜ್ಯದ ಮಾನ ಉಳಿಯುತ್ತದೆ, ಎದುರಾಳಿಯ ಶೌರ್ಯವನ್ನು ಒಪ್ಪಬೇಕಾದ ಪ್ರಸಂಗವೇ ಬರುವುದಿಲ್ಲ. ದೊರೆಯ ಮಾನವೂ ಕೊನೆಗೆ ಉಳಿಯುತ್ತದೆ. ರಾಯಚೂರನ್ನು ಮರಳಿ ಗೆಲ್ಲುವವರೆಗೆ ಮದಿರೆಯನ್ನು ಮುಟ್ಟುವುದಿಲ್ಲವೆಂದು ಇಸ್ಮಾಯಿಲನು ಶಪಥ ಮಾಡಿದನೆಂದೂ, ಕೃಷ್ಣದೇವರಾಯನು ತೀರಿಕೊಂಡ ಮೇಲೆ ಅದನ್ನು ಗೆದ್ದು ಶಪಥವನ್ನು ತೀರಿಸಿಕೊಂಡನೆಂದೂ ಫೆರಿಸ್ತಾ ಕಥೆಯನ್ನು ಮುಗಿಸುತ್ತಾನೆ. ತಪ್ಪು, ಪ್ರಾಯಶ್ಚಿತ್ತ, ಫಲ: ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಇಷ್ಟು ಚೆನ್ನಾಗಿ ಹೊಂದುವ ಕಥೆಯನ್ನು ಕಂಡಾಗ ಓದುಗನು ಸ್ವಲ್ಪ ಎಚ್ಚರವಾಗಬೇಕು.

ನೂನಿಜ್‌ನಲ್ಲಿ ಮದಿರೆಯ ಮಾತಿಲ್ಲ. ಅಲ್ಲಿ ಯುದ್ಧವನ್ನು ತಿರುಗಿಸಿದುದು ರಾಯನ ಎದೆಗಾರಿಕೆ. ಆದಿಲ್‌ಶಾಹಿಯ ಫಿರಂಗಿಗಳೆಲ್ಲ ಒಮ್ಮೆಗೇ ಸಿಡಿದು ರಾಯನ ಮುಂಚೂಣಿ ಮುರಿದು ಓಡುತ್ತದೆ. ಆಗ ರಾಯನು ಬೆರಳಿನ ಉಂಗುರವನ್ನು ಕಳಚಿ ಸೇವಕನ ಕೈಗೆ ಕೊಟ್ಟು, ತಾನು ಮಡಿದ ಗುರುತಾಗಿ ರಾಣಿಯರಿಗೆ ತೋರಿಸೆಂದು ಹೇಳಿ, ಕುದುರೆಯನ್ನೇರಿ ಮುನ್ನುಗ್ಗುತ್ತಾನೆ. ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ನಮ್ಮ ಕಂಠ ಗದ್ಗದವಾಗುತ್ತಿತ್ತು, ಇಂದೂ ಆಗುತ್ತದೆ. ಆದರೆ ನೂನಿಜ್ ಇದನ್ನು ಬರೆದಾಗ ಸಿಂಹಾಸನದಲ್ಲಿ ಇದ್ದವನು ಅಚ್ಯುತರಾಯ. ಅವನನ್ನು ನೂನಿಜ್ ದುರ್ಬಲನೆಂದೂ ವ್ಯಸನಿಯೆಂದೂ ಜರೆದಿದ್ದಾನೆ. ಇಂದಿನವನನ್ನು ತೆಗಳಬೇಕಾದವನಿಗೆ ನಿನ್ನೆಯವನು ದೇವರಾಗುತ್ತಾನೆ. ಹೊಸ ಮುಖ್ಯೋಪಾಧ್ಯಾಯರ ಕಾಲದಲ್ಲಿ ಹಳೆಯವರ ಗುಣಗಾನ ಹೆಚ್ಚುವುದನ್ನು ನಾವು ಎರಡೂ ಸ್ಥಾನಗಳಲ್ಲಿ ಕುಳಿತು ಅನುಭವಿಸಿದ್ದೇವೆ.

ಹೀಗೆ ಇಬ್ಬರನ್ನೂ ಬಿಚ್ಚುತ್ತ ಹೋದರೆ ಕೊನೆಗೆ ಉಳಿಯುವುದೇನು ಎಂದು ಕೇಳಬಹುದು. ಸಾಕಷ್ಟು ಉಳಿಯುತ್ತದೆ. ರಾಯನು ಗೆದ್ದನೆಂಬುದನ್ನು ಇಬ್ಬರೂ ಒಪ್ಪುತ್ತಾರೆ. ಅದನ್ನು ಒಪ್ಪುವುದು ಫೆರಿಸ್ತಾನಿಗೆ ಸುಲಭವಾಗಿರಲಿಲ್ಲ, ಆದುದರಿಂದ ಅದು ಗಟ್ಟಿ. ಸೋತವರು ಹಿಂದಿರುಗುವಾಗ ಕೃಷ್ಣೆಯಲ್ಲಿ ಬಹುಮಂದಿ ಮುಳುಗಿದರೆಂಬುದನ್ನೂ ಇಬ್ಬರೂ ಹೇಳುತ್ತಾರೆ. ಆದಿಲ್‌ಶಾಹಿಯ ಫಿರಂಗಿಗಳು ರಾಯನ ಮುಂಚೂಣಿಯನ್ನು ಮುರಿದವೆಂಬುದನ್ನು ರಾಯನನ್ನು ಮೆಚ್ಚಿದ ನೂನಿಜ್‌ನೇ ಹೇಳುವುದರಿಂದ ಅದೂ ಗಟ್ಟಿ. ದಿನಾಂಕದಲ್ಲಿ ಮಾತ್ರ ನೂನಿಜ್ ಎಡವಿದ್ದಾನೆ: 1522ರ ಮೇ ತಿಂಗಳು, ಅಮಾವಾಸ್ಯೆ, ಶನಿವಾರ ಎನ್ನುತ್ತಾನೆ. ಸೆವೆಲ್‌ರು ಪಂಚಾಂಗದ ಗಣಿತವನ್ನೂ ಇತರ ಪೋರ್ಚುಗೀಸ್ ದಾಖಲೆಗಳನ್ನೂ ತಾಳೆ ನೋಡಿ ಅದನ್ನು 1520ರ ಮೇ 19, ಶನಿವಾರವೆಂದು ನಿರ್ಧರಿಸಿದರು. ವಾರವನ್ನು ನೆನಪಿಟ್ಟುಕೊಂಡ ಮನುಷ್ಯ ವರ್ಷವನ್ನು ಮರೆತಿದ್ದ! ನಮ್ಮ ಅಜ್ಜಿಯೂ ಹೀಗೆಯೇ. ಯಾವ ಮದುವೆ ಯಾವ ವಾರವೆಂಬುದು ತಪ್ಪುತ್ತಿರಲಿಲ್ಲ, ಇಸವಿಯನ್ನು ಮಾತ್ರ ಕೇಳಬಾರದು.

ಸೆವೆಲ್‌ರ ಹೆಸರು ಬಂದುದರಿಂದ ಅವರನ್ನೂ ಇದೇ ತಕ್ಕಡಿಯಲ್ಲಿಡುವುದು ನ್ಯಾಯ. ಪಾರಿಸಿನ ಗ್ರಂಥಾಲಯದಲ್ಲಿದ್ದ ಪಾಯಸ್ ಹಾಗೂ ನೂನಿಜ್‌ರ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು 1897ರಲ್ಲಿ ಪ್ರಕಟಿಸಿದರು; 1900ರಲ್ಲಿ ಸೆವೆಲ್‌ರು ಅದನ್ನು ಇಂಗ್ಲಿಷಿಗೆ ತಂದು, ತಮ್ಮ ಇತಿಹಾಸದೊಡನೆ ಹೊರಡಿಸಿದರು. ಅವರಿಗೆ ನಾವು ಋಣಿಗಳು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಗ್ರಂಥಕ್ಕೆ ಅವರು ಇಟ್ಟ ಹೆಸರು "ಮರೆತುಹೋದ ಸಾಮ್ರಾಜ್ಯ" ಎಂಬ ಅರ್ಥದ್ದು. ಮರೆತವರು ಯಾರು? ಹಂಪಿಯ ವಿರೂಪಾಕ್ಷನ ತೇರು ಎಳೆಯುತ್ತಿದ್ದವರು ಮರೆತಿದ್ದರೆ? ರಾಯನ ಹೆಸರಿನಲ್ಲಿ ಚಾಟುಪದ್ಯ ಹೇಳುತ್ತಿದ್ದ ನಮ್ಮೂರ ಹಿರಿಯರು ಮರೆತಿದ್ದರೆ? ಮರೆವೆಂಬುದು ಲಂಡನ್ನಿನ ಓದುಗರದು. ಆ ಹೆಸರನ್ನು ನಾವೂ ಕಣ್ಣುಮುಚ್ಚಿ ಒಪ್ಪಿಕೊಂಡು, ನಮ್ಮ ಮನೆಯ ಹಿರಿಯನನ್ನು ನಾವೇ ಮರೆತಿದ್ದೆವೆಂದು ನೂರು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ವಿಜಯನಗರವನ್ನು ಮುಸಲ್ಮಾನರ ಮುನ್ನಡೆಗೆ ಅಡ್ಡವಾಗಿ ನಿಂತ ಹಿಂದೂ ಕೋಟೆಯೆಂದು ಸೆವೆಲ್‌ರು ಮೊದಲ ಪುಟಗಳಲ್ಲಿಯೇ ಚಿತ್ರಿಸಿದರು. ಬ್ರಿಟಿಷ್ ಆಡಳಿತದ ಅಧಿಕಾರಿಯಾಗಿದ್ದವರಿಗೆ ಈ ದೇಶದ ಇತಿಹಾಸವೆಲ್ಲ ಎರಡು ಧರ್ಮಗಳ ಜಗಳವಾಗಿ ಕಾಣುವುದು ಅನುಕೂಲವೂ ಆಗಿತ್ತು, ಅಭ್ಯಾಸವೂ ಆಗಿತ್ತು. ಆದರೆ ಅವರೇ ಅನುವಾದಿಸಿದ ಪಾಯಸ್‌ನ ಬರಹದಲ್ಲಿ, ರಾಯನ ಸೈನ್ಯದ ಮಹಾಪ್ರದರ್ಶನದಲ್ಲಿ ಮುಸಲ್ಮಾನ ಸೈನಿಕರು ತುರುಕಿ ಬಿಲ್ಲುಗಳನ್ನೂ ಬೆಂಕಿಯ ಅಸ್ತ್ರಗಳನ್ನೂ ಹಿಡಿದು ನಡೆದುದರ ವರ್ಣನೆಯಿದೆ. ಆ ಆಯುಧಗಳನ್ನು ಅವರು ಅಷ್ಟು ಚೆನ್ನಾಗಿ ಬಲ್ಲರೆಂದು ಪಾಯಸ್ ಬೆರಗಾಗಿದ್ದಾನೆ. ಆ ಕಡೆ ಸುಲ್ತಾನನ ದಂಡಿನಲ್ಲಿ ಕ್ರೈಸ್ತರು, ಈ ಕಡೆ ರಾಯನ ದಂಡಿನಲ್ಲಿ ಮುಸಲ್ಮಾನರು. ಗೆದ್ದ ಮೇಲೆ, ನಿರಪರಾಧಿಗಳು ಬಹಳ ಸತ್ತರೆಂದು ಹೇಳಿ ರಾಯನು ಕೊಲೆಯನ್ನು ನಿಲ್ಲಿಸಿದನೆಂದೂ ನೂನಿಜ್ ಬರೆದಿದ್ದಾನೆ. ಇವುಗಳನ್ನು ನಾವು ತರಗತಿಯಲ್ಲಿ ಹೇಳಲಿಲ್ಲ. ನಮ್ಮ ಬೆಂಚುಗಳ ಮೇಲೆ ಎರಡೂ ಸಮುದಾಯದ ಮಕ್ಕಳು ಕುಳಿತಿದ್ದರು. ಏಳು ಲಕ್ಷವನ್ನು ಹಲಗೆಯ ಮೇಲೆ ಬರೆದ ನಮ್ಮ ಕೈಗೆ ಈ ಸಾಲುಗಳನ್ನು ಬರೆಯಬೇಕೆಂದು ತೋರಲಿಲ್ಲ. ಆರಿಸಿಕೊಳ್ಳುವುದೂ ಒಂದು ದೃಷ್ಟಿಕೋನವೇ. ಪ್ರಶ್ನೆ ಕೇಳಿದ ಆ ಹುಡುಗನು ಮುಸಲ್ಮಾನರ ಓಣಿಯಿಂದ ಬರುತ್ತಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಅವನು ಅಂಕಿಯನ್ನು ಮಾತ್ರ ಪ್ರಶ್ನಿಸುತ್ತಿದ್ದನೋ, ಇನ್ನೇನನ್ನಾದರೂ ಕೇಳಲು ತಡವರಿಸುತ್ತಿದ್ದನೋ, ಅಂದು ನಾವು ತಿಳಿಯಲಿಲ್ಲ.

ಗಡಿನಾಡಿನವರಾದ ನಮ್ಮ ನೆಲೆಯೂ ನಿರ್ಮಲವೇನಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದಂದಿನಿಂದ ನಮಗೆ ರಾಯನು ವಾದದ ಒಂದು ಸಾಕ್ಷಿಯಾದನು. ವೇದಿಕೆಯ ಮೇಲೆ ನಾವು ಅವನನ್ನು ಕನ್ನಡ ರಾಜ್ಯ ರಮಾರಮಣನೆಂದು ಕರೆಯುತ್ತೇವೆ; ನೆರೆಯ ತೆಲುಗು ಮಿತ್ರರು ಆಂಧ್ರಭೋಜನೆನ್ನುತ್ತಾರೆ. ತಿಮ್ಮಣ್ಣ ಕವಿಯಿಂದ ಕನ್ನಡ ಭಾರತವನ್ನು ಪೂರ್ಣಗೊಳಿಸಿದನೆಂದು ನಾವು, ತಾನೇ ತೆಲುಗಿನಲ್ಲಿ ಆಮುಕ್ತಮಾಲ್ಯದವನ್ನು ಬರೆದನೆಂದು ಅವರು. ಎರಡೂ ನಿಜ. ತೆಲುಗಿನಲ್ಲಿ ರಾಯವಾಚಕಮು ಎಂಬ ಗದ್ಯಗ್ರಂಥವೂ ಇದೆ. ರಾಯನ ಆಸ್ಥಾನದಿಂದ ವಿಶ್ವನಾಥ ನಾಯಕನಿಗೆ ಬಂದ ವರದಿಯ ರೂಪದಲ್ಲಿ ಅದು ಸಾಗುತ್ತದೆ. ಆದರೆ ಅದು ಸಾಮ್ರಾಜ್ಯ ಮುರಿದ ಎಷ್ಟೋ ಕಾಲದ ಮೇಲೆ ಮಧುರೆಯ ನಾಯಕರ ಪರಿಸರದಲ್ಲಿ ಹುಟ್ಟಿದುದೆಂದು ವಿದ್ವಾಂಸರು ತೋರಿಸಿದ್ದಾರೆ. ಕಳೆದುಹೋದ ಒಡೆತನಕ್ಕೆ ತಾವೇ ವಾರಸುದಾರರೆಂದು ಹೇಳಿಕೊಳ್ಳುವವರ ಹಂಬಲ ಅದರ ಪುಟಪುಟದಲ್ಲಿದೆ. ಅದನ್ನು ಓದುವಾಗ ನಮಗೆ ನಗು ಬರಲಿಲ್ಲ, ಕನ್ನಡಿ ನೋಡಿದಂತಾಯಿತು.

ಆ ಯುದ್ಧದಲ್ಲಿ ನಡೆದವರಲ್ಲಿ ಕನ್ನಡದ ಕಾಲಾಳುಗಳು, ನೀರು ಹೊತ್ತವರು, ಬಂಡಿ ಹೊಡೆದವರು ಸಾವಿರಗಟ್ಟಲೆ ಇದ್ದಿರಬೇಕು. ಬರೆದವರು ಪೋರ್ಚುಗೀಸಿನಲ್ಲಿ ಬರೆದರು, ಪಾ‌ರ್ಸಿಯಲ್ಲಿ ಬರೆದರು. ನೀರಿನ ಚೀಲ ಹೊತ್ತ ಆ ಹನ್ನೆರಡು ಸಾವಿರದಲ್ಲಿ ಒಬ್ಬನು ಬರೆದಿದ್ದರೆ ಯುದ್ಧಕ್ಕೆ ಏನು ಕಾರಣವನ್ನು ಹೇಳುತ್ತಿದ್ದನೋ.

ಆ ಪಾಠವಾದ ವರ್ಷವೇ ನಾವು ಮಕ್ಕಳನ್ನು ರಾಯಚೂರಿನ ಕೋಟೆಗೆ ಪ್ರವಾಸಕ್ಕೆ ಕರೆದೊಯ್ದಿದ್ದೆವು. ಒಳಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿ ಉದ್ದವಾದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನವಿದೆ; ಕೋಟೆಯನ್ನು ಕಟ್ಟಿಸಿದ ಗೊರೆ ಗನ್ನಯ್ಯ ರೆಡ್ಡಿಯ ಹೆಸರು ಅದರಲ್ಲಿ ಬರುತ್ತದೆ. ನಾವು ಮಕ್ಕಳಿಗೆ ಕಾಕತೀಯರ ವಂಶಾವಳಿಯನ್ನು ವಿವರಿಸುತ್ತಿದ್ದೆವು. ಆ ಹುಡುಗ ಮಾತ್ರ ಸ್ವಲ್ಪ ಆಚೆ ಹೋಗಿ ನಿಂತಿದ್ದ. ಅಲ್ಲಿ ಗೋಡೆಯ ಮೇಲೆ ಶಾಸನದ ಒಂದಕ್ಷರವೂ ಹೇಳದ ಒಂದು ಚಿತ್ರವನ್ನು ಯಾರೋ ಕೊರೆದಿದ್ದಾರೆ: ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ, ಉದ್ದನೆಯ ಸಾಲಿನಲ್ಲಿ ಕೋಣಗಳನ್ನು ಹೂಡಿ, ಜನ ಹಿಂದಿನಿಂದ ಹಾರೆ ಕೊಟ್ಟು ನೂಕುತ್ತಿರುವ ಚಿತ್ರ. ಹುಡುಗನು ಬೆರಳಿಟ್ಟು ಕೋಣಗಳನ್ನು ಎಣಿಸುತ್ತಿದ್ದ. ಬಸ್ಸಿಗೆ ಹೊತ್ತಾಯಿತೆಂದು ನಾವು ಅವನನ್ನು ಕೂಗಿ ಕರೆದೆವು. ಎಣಿಕೆ ಪೂರ್ತಿಯಾಯಿತೇ ಎಂದು ಅಂದು ಕೇಳಲಿಲ್ಲ.